ಮನೆಗೆ ಮರಳುವ ದಾರಿ: ಮಲೆನಾಡು, ಮನೋರೋಗ ಮತ್ತು ಕ್ರೈಸ್ತ ಸೇವೆಯ ಇತಿಹಾಸ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನಸ್ಸಿನ ಕಾಯಿಲೆ ಬಹುಕಾಲ ವೈದ್ಯರ ಕೈಗೆ ಬಂದದ್ದೇ ಇಲ್ಲ. ಮನೆಮಗಳು ರಾತ್ರಿಯೆಲ್ಲ ನಿದ್ದೆಗೆಟ್ಟು ತನ್ನಷ್ಟಕ್ಕೆ ಮಾತಾಡತೊಡಗಿದರೆ, ದುಡಿಯುವ ಮಗ ತೋಟದ ಕೆಲಸ ಬಿಟ್ಟು ಮೂಲೆ ಹಿಡಿದರೆ, ಹಿರಿಯರು ಮೊದಲು ಹೋಗುತ್ತಿದ್ದದ್ದು ನೋಟ ಹೇಳುವವರ ಬಳಿಗೆ. ದೆಯ್ಯ ಸೋಂಕಿದೆ, ಚೌಡಿಗೆ ಹೇಳಿಕೊಂಡ ಹರಕೆ ತೀರಿಲ್ಲ, ಯಾರೋ ಮಾಟ ಮಾಡಿಸಿದ್ದಾರೆ, ಮದ್ದು ಹಾಕಿದ್ದಾರೆ ಎಂಬ ಉತ್ತರಗಳಲ್ಲಿ ಒಂದು ಅಲ್ಲಿ ಸಿಗುತ್ತಿತ್ತು. ಅದಕ್ಕೆ ತಕ್ಕಂತೆ ತಾಯಿತ, ತಡೆ, ಬಲಿ, ಹರಕೆಗಳು ನಡೆಯುತ್ತಿದ್ದವು. ಈ ಸೀಮೆಯ ದೊಡ್ಡ ಕ್ಷೇತ್ರಗಳೂ ನೊಂದವರ ಆಸರೆಯಾಗಿದ್ದವು. ಶರಾವತಿ ಹಿನ್ನೀರಿನ ಆಚೆಯ ಸಿಗಂದೂರು, ಹೊಸನಗರ ತಾಲ್ಲೂಕಿನ ಹೊಂಬುಜ, ಸಾಗರಕ್ಕೆ ಹತ್ತಿರದ ವರದಹಳ್ಳಿಗಳಿಗೆ ಜನ ಮೈಯ ಕಾಯಿಲೆಯನ್ನಷ್ಟೇ ಹೊತ್ತು ಬರುತ್ತಿರಲಿಲ್ಲ. ಶ್ರೀಧರ ಸ್ವಾಮಿಗಳು (1908–1973) ವರದಹಳ್ಳಿಯಲ್ಲಿ ನೆಲೆಸಿದ ಮೇಲೆ ಅಲ್ಲಿನ ತೀರ್ಥದಲ್ಲಿ ಮಿಂದರೆ ಪೀಡೆ ಕಳೆಯುತ್ತದೆ ಎಂಬ ನಂಬಿಕೆ ಭಕ್ತರಲ್ಲಿ ಬೇರೂರಿತು. ಮಲೆನಾಡಿನ ಹಿಂದೂ ಕುಟುಂಬಗಳು ಆಗುಂಬೆ ಘಟ್ಟ ಇಳಿದು ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೂ ಹೋಗುತ್ತವೆ. ಸಂಕಟ ಬಂದಾಗ ಮತದ ಬೇಲಿ ಇಲ್ಲಿ ಎಂದೂ ಎತ್ತರವಾಗಿರಲಿಲ್ಲ.

ಈ ಪದ್ಧತಿಯನ್ನು ಬರೀ ಮೌಢ್ಯವೆಂದು ತಳ್ಳಿಹಾಕಿದರೆ ಇತಿಹಾಸ ಅರ್ಧ ಮಾತ್ರ ಕಾಣುತ್ತದೆ. ಕ್ಷೇತ್ರಕ್ಕೆ ಬರುವ ರೋಗಿಯ ಜೊತೆ ತಾಯಿ ಇರುತ್ತಾಳೆ, ಅಣ್ಣ ಇರುತ್ತಾನೆ. ಊಟದ ಪಂಕ್ತಿಯಲ್ಲಿ ಅವನಿಗೂ ಒಂದು ಎಲೆ ಬೀಳುತ್ತದೆ. ಆದರೆ ಅದೇ ದಾರಿಯಲ್ಲಿ ಚಿಕಿತ್ಸೆಯ ಅಮೂಲ್ಯ ವರ್ಷಗಳು ಕಳೆದುಹೋದವು. ಎಷ್ಟೋ ಕಡೆ ಬೆತ್ತದ ಏಟು, ಮೆಣಸಿನ ಹೊಗೆ, ಕಾಲಿಗೆ ಸರಪಳಿ ದೇವರ ಹೆಸರಿನಲ್ಲೇ ನಡೆದವು. ಮನೆಗೆ ಬಂದ ಮೇಲೆ ‘ಆ ಮನೆತನದಲ್ಲಿ ಹುಚ್ಚು ಇದೆ’ ಎಂಬ ಮಾತು ಹೆಣ್ಣು-ಗಂಡು ನೋಡುವ ಹೊತ್ತಿಗೆ ಊರಿಂದೂರಿಗೆ ಹಬ್ಬುತ್ತಿತ್ತು. ತಂಗಿಯ ಮದುವೆ ನಿಂತೀತೆಂಬ ಭಯಕ್ಕೆ ಅಣ್ಣನ ಕಾಯಿಲೆಯನ್ನು ಒಳಕೋಣೆಯಲ್ಲಿ ಬಚ್ಚಿಟ್ಟ ಮನೆಗಳಿಗೆ ಮಲೆನಾಡಿನಲ್ಲಿ ಕೊರತೆಯಿರಲಿಲ್ಲ. ಕಳಂಕದ ಬೇರು ಇರುವುದು ಇಲ್ಲಿ. ರೋಗಕ್ಕೆ ಕಾರಣ ಯಾರದೋ ಪಾಪ, ಯಾವುದೋ ಶಾಪ ಎಂಬ ಎಣಿಕೆ ಇರುವವರೆಗೂ ರೋಗಿಯ ಜೊತೆ ಮನೆಯವರೂ ಅಪರಾಧಿಗಳಾಗುತ್ತಾರೆ.

ಈ ನೆಲಕ್ಕೆ ಕ್ರೈಸ್ತರು ಬಂದದ್ದು ಕೆಳದಿ ಅರಸರ ಕಾಲದಲ್ಲಿ. ಕೆಳದಿ, ಇಕ್ಕೇರಿ ಎರಡೂ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಅನಂತರದ ರಾಜಧಾನಿ ಬಿದನೂರು, ಈಗಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಗೋವೆಯಿಂದ ಹೊರಟ ಕೊಂಕಣಿ ಕೆಥೊಲಿಕ್ ರೈತರು ಹದಿನೇಳನೆಯ ಶತಮಾನದಲ್ಲಿ ಕೆಳದಿ ಸಂಸ್ಥಾನದ ಕರಾವಳಿಯಲ್ಲಿ ಬೇಸಾಯಕ್ಕೆ ನೆಲೆನಿಂತರು. ರಾಣಿ ಚೆನ್ನಮ್ಮ 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದ ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ದಾರಿ ಮಾಡಿಕೊಟ್ಟಿತು. ಘಟ್ಟದ ಮೇಲೆ ಕ್ರೈಸ್ತರ ಸಂಖ್ಯೆ ಎಂದೂ ದೊಡ್ಡದಾಗಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತೀರ್ಥಹಳ್ಳಿಯ ಸುತ್ತ ಬೈಸಿಕಲ್ ಏರಿ ತಿರುಗುವ ಪಾದ್ರಿಯೊಬ್ಬನಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಪ್ರೊಟೆಸ್ಟೆಂಟ್ ಮಿಷನ್ ಕಂಡದ್ದು ಹೆಚ್ಚುಕಡಿಮೆ ಹಾಗೆಯೇ. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದ ಕೃಷಿಕ ಕುಟುಂಬಗಳು ಸೇರಿಕೊಂಡವು. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ, ಸಿರೋ ಮಲಬಾರ್ ಕೆಥೊಲಿಕರ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ ಸ್ಥಾಪನೆಯಾದವು.

ಈ ಸಣ್ಣ ಸಮುದಾಯ ಮನೋರೋಗದ ಬಗ್ಗೆ ತನ್ನೊಡನೆ ತಂದ ತಿಳಿವಳಿಕೆಯಲ್ಲಿ ದೆವ್ವದ ಭಯ, ರೋಗಿಯ ಮೇಲಿನ ಕರುಣೆ ಎಂಬ ಎರಡು ಎಳೆಗಳಿದ್ದವು, ಅವು ಒಂದನ್ನೊಂದು ಎಳೆದಾಡುತ್ತಿದ್ದವು. ಸುವಾರ್ತೆಗಳಲ್ಲಿ ಯೇಸು ದೆವ್ವ ಬಿಡಿಸುವ ಪ್ರಸಂಗಗಳು ಹಲವಿವೆ. ಅವುಗಳಲ್ಲಿ ದೊಡ್ಡದು ಮಾರ್ಕನ ಐದನೆಯ ಅಧ್ಯಾಯದ್ದು. ಗೆರಸೇನರ ಸೀಮೆಯ ಒಬ್ಬ ಗಂಡಸು ಊರಾಚೆಯ ಸಮಾಧಿಗಳ ನಡುವೆ ವಾಸಿಸುತ್ತಾನೆ, ಕಲ್ಲಿನಿಂದ ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಾನೆ, ಊರವರು ತೊಡಿಸಿದ ಸರಪಳಿಗಳನ್ನು ಕಿತ್ತೆಸೆದಿದ್ದಾನೆ. ಈ ಕಥೆಯನ್ನು ದೆವ್ವದ ಕಥೆಯೆಂದು ಓದಿದವರೇ ಹೆಚ್ಚು. ಕಥೆ ಮುಗಿಯುವ ರೀತಿಯ ಮೇಲೆ ಕಣ್ಣಿಟ್ಟವರು ಕಡಿಮೆ. ಗುಣವಾದವನು ಬಟ್ಟೆ ತೊಟ್ಟು ಸ್ವಸ್ಥಚಿತ್ತನಾಗಿ ಕೂತದ್ದನ್ನು ಕಂಡು ಊರವರು ಹೆದರುತ್ತಾರೆ. ತನ್ನನ್ನೂ ಜೊತೆಗೆ ಕರೆದುಕೊಂಡು ಹೋಗೆಂದು ಅವನು ಬೇಡಿದಾಗ ಯೇಸು ಒಪ್ಪುವುದಿಲ್ಲ, ಅವನನ್ನು ಅವನ ಮನೆಗೆ, ಅವನ ಜನರ ಬಳಿಗೆ ಕಳಿಸುತ್ತಾನೆ. ರೋಗಕ್ಕೆ ಪಾಪವೇ ಕಾರಣವೆಂಬ ಎಣಿಕೆಗೂ ಬೈಬಲಿನಲ್ಲೇ ಉತ್ತರವಿದೆ. ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ, ಇವನು ಪಾಪ ಮಾಡಿದನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲವೆಂದು ಯೇಸು ಹೇಳುತ್ತಾನೆ. ಯೋಬನ ಸಂಕಟಕ್ಕೆ ಅವನ ತಪ್ಪೇ ಕಾರಣವೆಂದು ಸಾಧಿಸಹೊರಟ ಗೆಳೆಯರನ್ನು ದೇವರು ಕೊನೆಗೆ ಗದರುತ್ತಾನೆ. ಸಾವನ್ನು ಬಯಸಿ ಮರದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಡುವುದು ರೊಟ್ಟಿ, ನೀರು ಮತ್ತು ಇನ್ನಷ್ಟು ನಿದ್ದೆ. ಉಪದೇಶ ಆಮೇಲಿನ ಮಾತು.

ಐರೋಪ್ಯ ಚರ್ಚಿನ ಇತಿಹಾಸದಲ್ಲೂ ಈ ಎರಡು ಎಳೆಗಳು ಜೊತೆಯಾಗಿಯೇ ಸಾಗಿದವು. 1409ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಬೋಧನೆಗೆ ಹೊರಟಿದ್ದ ಫಾದರ್ ಜೊವಾನ್ ಗಿಲಾಬರ್ಟ್ ಜೋಫ್ರೆ, ಬೀದಿಯಲ್ಲಿ ಹುಡುಗರು ಒಬ್ಬ ಬುದ್ಧಿಭ್ರಮಣೆಯವನನ್ನು ಹೊಡೆದು ಗೇಲಿ ಮಾಡುತ್ತಿದ್ದುದನ್ನು ಕಂಡು ಅಂದಿನ ಬೋಧನೆಯನ್ನೇ ಆ ವಿಷಯಕ್ಕೆ ತಿರುಗಿಸಿದರು. ಊರಿನ ವರ್ತಕರು ಹಣ ಹಾಕಿ ಮನೋರೋಗಿಗಳಿಗೆಂದೇ ಆಸ್ಪತ್ರೆ ಕಟ್ಟಿದರು. ಬೆಲ್ಜಿಯಂನ ಗೀಲ್ ಪಟ್ಟಣದಲ್ಲಿ ಸಂತ ಡಿಂಫ್ನಾಳ ಇಗರ್ಜಿಗೆ ಹರಕೆ ಹೊತ್ತು ಬಂದ ರೋಗಿಗಳಿಗೆ ಜಾಗ ಸಾಲದಾದಾಗ ಊರಿನ ರೈತರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಮಧ್ಯಯುಗದಲ್ಲಿ ಶುರುವಾದ ಆ ಪದ್ಧತಿ ಇಂದಿಗೂ ನಿಂತಿಲ್ಲ. 1930ರ ದಶಕದ ಕೊನೆಯಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಆ ಊರಿನ ಸಂಸಾರಗಳಲ್ಲಿ ಬಾಳುತ್ತಿದ್ದರು. ಸಿಗಂದೂರು, ವರದಹಳ್ಳಿಗಳನ್ನು ಬಲ್ಲವರಿಗೆ ಗೀಲಿನ ಮೊದಲ ಅಧ್ಯಾಯ ಹೊಸದಾಗಿ ಕಾಣಲಾರದು. ಹೊಸತಿರುವುದು ಎರಡನೆಯದರಲ್ಲಿ: ಹರಕೆಗೆ ಬಂದವರನ್ನು ಊರೇ ಒಳಗೆ ಕರೆದುಕೊಂಡಿತು.

ಇನ್ನೊಂದು ಎಳೆ ಭಯಂಕರವಾದದ್ದು. 1480ರ ದಶಕದಲ್ಲಿ ಅಚ್ಚಾದ ‘ಮ್ಯಾಲಿಯಸ್ ಮ್ಯಾಲಿಫಿಕಾರಮ್’ ಮಾಟಗಾತಿಯರ ಬೇಟೆಗೆ ಶಾಸ್ತ್ರದ ಒಪ್ಪಿಗೆ ಕೊಟ್ಟಿತು. ಮನಸ್ಸು ಕೆಟ್ಟ ಬಡ ಹೆಂಗಸರೂ ಆ ಬೇಟೆಗೆ ಸಿಕ್ಕರು. 1563ರಲ್ಲಿ ಯೊಹಾನ್ ವೇಯರ್ ಎಂಬ ವೈದ್ಯ ಆ ಹೆಂಗಸರಲ್ಲಿ ಅನೇಕರು ಮನೋವ್ಯಾಧಿಯವರು, ಅವರಿಗೆ ಬೇಕಾದದ್ದು ವೈದ್ಯನೆಂದು ಧೈರ್ಯವಾಗಿ ಬರೆದ. ಅರ್ಧ ಶತಮಾನ ಕಳೆದು 1614ರಲ್ಲಿ ಹೊರಬಂದ ಕೆಥೊಲಿಕ್ ವಿಧಿಗ್ರಂಥ ‘ರಿಚುವಾಲೆ ರೊಮಾನಮ್’, ಯಾರಿಗಾದರೂ ದೆವ್ವ ಹಿಡಿದಿದೆಯೆಂದು ಪಾದ್ರಿ ಸುಲಭವಾಗಿ ನಂಬಬಾರದು, ಕಾಯಿಲೆಯ ಲಕ್ಷಣಗಳನ್ನು ಬೇರ್ಪಡಿಸಿ ನೋಡಬೇಕು ಎಂದು ವಿಧಿಸಿತು. ಈಗಿನ ಚರ್ಚ್ ಕಾನೂನಿನಂತೆ ಬಿಷಪರ ಸ್ಪಷ್ಟ ಅಪ್ಪಣೆಯಿಲ್ಲದೆ ಯಾವ ಪಾದ್ರಿಯೂ ಭೂತೋಚ್ಚಾಟನೆಯ ವಿಧಿ ನಡೆಸುವಂತಿಲ್ಲ. 1999ರ ಪರಿಷ್ಕೃತ ವಿಧಿ ಮನೋವೈದ್ಯರ ಅಭಿಪ್ರಾಯ ಪಡೆಯುವಂತೆ ಹೇಳುತ್ತದೆ. ನಾಲ್ಕು ಶತಮಾನ ಹಳೆಯದಾದ ಈ ಎಚ್ಚರಿಕೆ ಸಾಮಾನ್ಯ ಭಕ್ತರ ಕಿವಿಗೆ ಬಿದ್ದದ್ದು ಬಹಳ ಕಡಿಮೆ. ಬಿದ್ದಿದ್ದರೆ ಎಷ್ಟೋ ಸಂಸಾರಗಳ ನೋವು ತಗ್ಗುತ್ತಿತ್ತು.

ಭಾರತದ ಮಿಷನರಿ ಇತಿಹಾಸದ ಆರಂಭದಲ್ಲೇ ಒಬ್ಬ ಮನೋರೋಗಿಯ ಬದುಕಿದೆ. ವಿಲಿಯಂ ಕೇರಿ ಕನ್ನಡಿಗರಿಗೆ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕನ್ನಡ ವ್ಯಾಕರಣದಿಂದ ಪರಿಚಿತರು. 1793ರಲ್ಲಿ ಅವರು ಬಂಗಾಳಕ್ಕೆ ಬಂದಾಗ ಹೆಂಡತಿ ಡೊರೊಥಿ ಮನಸ್ಸಿಲ್ಲದ ಮನಸ್ಸಿನಿಂದ ಜೊತೆ ಬಂದಿದ್ದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಅದಾದ ಮೇಲೆ ಡೊರೊಥಿಯ ಮನಸ್ಸು ಒಡೆಯಿತು. ಗಂಡನ ಮೇಲೆ ವಿಪರೀತ ಸಂಶಯ, ಕೂಗಾಟ, ಕೆಲವೊಮ್ಮೆ ಹಲ್ಲೆ. 1807ರಲ್ಲಿ ಸಾಯುವವರೆಗೂ ಅವರ ಬಹಳಷ್ಟು ದಿನಗಳು ಮುಚ್ಚಿದ ಕೋಣೆಯಲ್ಲಿ ಕಳೆದವು, ಪಕ್ಕದ ಕೋಣೆಯಲ್ಲಿ ಬೈಬಲಿನ ಅನುವಾದ ಸಾಗುತ್ತಿತ್ತು. ಕೇರಿ ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ತಳ್ಳಲಿಲ್ಲ, ಕೈಬಿಡಲೂ ಇಲ್ಲ. ಆ ಕಾಲದಲ್ಲಿ ಔಷಧವೂ ಇರಲಿಲ್ಲ. ಆದರೂ ಮಿಷನ್ ಚರಿತ್ರೆಗಳು ಬಹುಕಾಲ ಡೊರೊಥಿಯನ್ನು ಮಹಾಪುರುಷನ ದಾರಿಯ ಮುಳ್ಳೆಂದೇ ಬಗೆದವು, ಆಕೆಯ ನೋವಿಗೆ ಅಲ್ಲಿ ಜಾಗ ಸಿಗಲಿಲ್ಲ. ಭಕ್ತಿಯ ಮನೆಯಲ್ಲಿ ಕಾಯಿಲೆ ಬರಬಾರದೆಂಬ ಎಣಿಕೆ ಅಷ್ಟು ಗಟ್ಟಿಯಾಗಿತ್ತು. ರೋಗಿ ಮನೆಯಲ್ಲಿದ್ದರೆ ಸಾಕೆಂಬ ಮಾತು ಸಾಲದು ಎಂಬುದಕ್ಕೂ ಈ ಬದುಕೇ ಸಾಕ್ಷಿ. ಬಾಗಿಲು ಮುಚ್ಚಿದ ಕೋಣೆ ಮನೆಯೊಳಗಿದ್ದರೂ ಸೆರೆಯೇ.

ಕರ್ನಾಟಕದ ಕ್ರೈಸ್ತ ಆಸ್ಪತ್ರೆಗಳು ಮೊದಲು ಕೈಹಾಕಿದ್ದು ಬೇರೆ ರೋಗಗಳಿಗೆ. ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು; ಉಡುಪಿಯಲ್ಲಿ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಬಾಸೆಲ್ ಮಿಷನ್ ಆಸ್ಪತ್ರೆ ಆರಂಭಿಸಿದರು. ಊರಿನಿಂದ ಹೊರಗಾದ ಕುಷ್ಠರೋಗಿಯನ್ನು ಮುಟ್ಟಲು ಮಿಷನರಿಗಳು ಹಿಂಜರಿಯಲಿಲ್ಲ, ಯೇಸು ಕುಷ್ಠರೋಗಿಯನ್ನು ಮುಟ್ಟಿದ ಕಥೆ ಅವರ ಕಣ್ಣ ಮುಂದಿತ್ತು. ಮನೋರೋಗಿಯ ವಿಷಯದಲ್ಲಿ ಕಣ್ಣ ಮುಂದಿದ್ದದ್ದು ದೆವ್ವದ ಕಥೆ. ಕುಷ್ಠರೋಗಿಗೆ ಸಿಕ್ಕ ಕರುಣೆ ಮನೋರೋಗಿಗೆ ಸಿಗಲು ಇನ್ನೂ ಆರು ದಶಕ ಬೇಕಾಯಿತು.

ಅಲ್ಲಿಯವರೆಗೆ ಹೊಣೆ ಸರ್ಕಾರದ್ದಾಗಿತ್ತು. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ ಅದರ ಹಿಂದೆಯೇ ಹುಚ್ಚಾಸ್ಪತ್ರೆಗಳು ತೆರೆದವು. ಶಿವಮೊಗ್ಗ ಸೀಮೆಯಿಂದ ಅಲ್ಲಿಗೆ ಹೋದವರು ಮರಳಿ ಬರುವುದು ಅಪರೂಪವೆಂದು ಜನ ನಂಬಿದ್ದರು; ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಬೈಗುಳವಾಗಿಯೇ ನಿಂತಿತು. ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನ ಸಂಸ್ಥೆಗೆ ಮಾನಸಿಕ ಆಸ್ಪತ್ರೆ ಎಂಬ ಹೆಸರಿಟ್ಟಿತು. ಡಾ. ಫ್ರಾಂಕ್ ನೊರೊನ್ಹಾ, ಅವರ ಬಳಿಕ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಕೂಡಿಹಾಕುವ ಜಾಗದಿಂದ ಚಿಕಿತ್ಸೆಯ ಜಾಗವಾಗಿ ಬದಲಿಸಿದರು; ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1930ರ ದಶಕದ ಉತ್ತರಾರ್ಧದಲ್ಲಿ, ಊರಾಚೆಯ ಎತ್ತರದ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಕ್ರೈಸ್ತ ಸೇವೆಯ ದಿಕ್ಕು ಬದಲಾದದ್ದು 1950ರ ದಶಕದಲ್ಲಿ. ಮಿಷನರಿ ಇ. ಸ್ಟಾನ್ಲಿ ಜೋನ್ಸ್ 1950ರಲ್ಲಿ ಲಕ್ನೋದಲ್ಲಿ ನೂರ್ ಮಂಜಿಲ್ ಮನೋಚಿಕಿತ್ಸಾ ಕೇಂದ್ರ ತೆರೆದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1957ರಲ್ಲಿ ಬಾಗಾಯಂನಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಆರಂಭಿಸಿತು. ಅಲ್ಲಿನ ಒಂದು ಕಟ್ಟುನಿಟ್ಟು ಇಡೀ ದೇಶಕ್ಕೆ ಪಾಠವಾಯಿತು: ರೋಗಿಯ ಜೊತೆ ಮನೆಯವರೊಬ್ಬರು ಉಳಿಯಲೇಬೇಕು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಸಂಬಂಧಿಕರನ್ನು ಇರಿಸಿಕೊಂಡದ್ದೂ ಅದೇ ದಶಕದಲ್ಲಿ. ಗಂಡ ಕಾಯಿಲೆ ಬಿದ್ದರೆ ಹೆಂಡತಿ ಅವನ ಹಾಸಿಗೆಯ ಪಕ್ಕದಲ್ಲೇ ಅಡುಗೆ ಮಾಡಿ, ಮಾತ್ರೆ ನುಂಗಿಸಿ, ಕಾಯಿಲೆ ಏನೆಂದು ವೈದ್ಯರಿಂದಲೇ ಕಲಿತು, ಅವನನ್ನು ಜೊತೆಯಲ್ಲಿ ಮನೆಗೆ ಕರೆತರುತ್ತಿದ್ದಳು. ಪಶ್ಚಿಮದ ಆಸ್ಪತ್ರೆಗಳು ಆ ಹೊತ್ತಿಗೆ ಸಂಸಾರವನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದವು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಔಷಧ ಈ ಮರಳುವಿಕೆಯನ್ನು ಸಾಧ್ಯ ಮಾಡಿತು ಎಂಬುದನ್ನೂ ಮರೆಯಬಾರದು. ಪ್ರೀತಿಯೊಂದೇ ಭ್ರಮೆಗಳನ್ನು ನಿಲ್ಲಿಸಲಾರದು.

ಪಾದ್ರಿಗಳ ತರಬೇತಿಯೂ ಬದಲಾಯಿತು, ಅದರ ಮೂಲಪುರುಷ ಸ್ವತಃ ರೋಗಿಯಾಗಿದ್ದವನು. ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್ 1920ರಲ್ಲಿ ತೀವ್ರ ಮನೋರೋಗದಿಂದ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ 1924ರಲ್ಲಿ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಪಾದ್ರಿಯಾಗಿ ನಿಂತು, ಮರುವರ್ಷ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತಂದರು. ಪುಸ್ತಕದಂತೆ ಓದಬೇಕಾದದ್ದು ಮನುಷ್ಯರನ್ನು ಎಂಬುದು ಅವರ ಬೋಧನೆಯ ತಿರುಳು. ಈ ತರಬೇತಿಯ ಎಳೆ ಭಾರತಕ್ಕೂ ಬಂತು. ಬೆಂಗಳೂರಿನಲ್ಲಿ ವೈದ್ಯರೂ ಪಾದ್ರಿಗಳೂ ಸೇರಿ 1964ರಲ್ಲಿ ಕಟ್ಟಿದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್, ಆಸ್ಪತ್ರೆಯಿಂದ ಹೊರಬಂದವರು ಮನೆ ಸೇರುವ ಮುನ್ನ ಬಾಳುವುದನ್ನು ಮತ್ತೆ ಕಲಿಯುವ ಹಾಫ್‌ವೇ ಹೋಮ್ ನಡೆಸಿದ ದೇಶದ ಮೊದಲ ಸಂಸ್ಥೆಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ ದೇವಶಾಸ್ತ್ರದ ವಿದ್ಯಾರ್ಥಿನಿ ಎಲಿ ಯಾನ್ಸನ್ 1959ರಲ್ಲಿ ಆರಂಭಿಸಿದ ರಿಚ್ಮಂಡ್ ಫೆಲೋಶಿಪ್‌ನ ಭಾರತದ ಶಾಖೆಯೂ 1986ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು.

ಹಳ್ಳಿಯ ರೋಗಿಯ ಕಡೆಗೆ ನೋಟ ಹರಿಸಿದ ದೊಡ್ಡ ಅಧ್ಯಯನ ನಡೆದದ್ದು ತೀರ್ಥಹಳ್ಳಿಯಿಂದ ಘಟ್ಟ ಇಳಿದರೆ ಸಿಗುವ ಕೋಟದಲ್ಲಿ, ಶಿವರಾಮ ಕಾರಂತರು ಹುಟ್ಟಿದ ಊರಿನಲ್ಲಿ. ಸ್ಕಾಟ್ಲೆಂಡಿನ ಮಿಷನರಿ ದಂಪತಿಗೆ ಭಾರತದಲ್ಲಿ ಹುಟ್ಟಿ ರಾಜಸ್ಥಾನದಲ್ಲಿ ಬೆಳೆದ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್. ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳಲ್ಲಿ ಮನೆಮನೆ ಸುತ್ತಿದರು. ಅವರ ಪುಸ್ತಕ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಹೊರಬಂತು. ಊರಿನಲ್ಲಿ ಮನಸ್ಸಿನ ನೋವಿಗೆ ನಾಟಿ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಎಂಬ ಮೂರು ಬಗೆಯ ಆಸರೆಗಳಿದ್ದವು. ಜನ ಅವರ ಬಳಿಯೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧದ ವೈದ್ಯರ ಬಳಿಯೂ ಹೋಗುತ್ತಿದ್ದರು; ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಹಳ್ಳಿಗರಿಗೆ ಇರಲಿಲ್ಲ. ಈ ಅನುಭವ ಹೊತ್ತ ಕಪೂರ್ ಅವರ ಮುಂದಾಳ್ತನದಲ್ಲಿ 1970ರ ದಶಕದ ನಡುವೆ ನಿಮ್ಹಾನ್ಸ್ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಡುವ ಕೆಲಸ ಶುರುವಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗ ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮಲೆನಾಡಿನಲ್ಲಿ ಮನೋವೈದ್ಯರ ಹೆಸರು ಜನರ ಬಾಯಲ್ಲಿ ನಿಂತದ್ದು ಶಿವಮೊಗ್ಗದ ಡಾ. ಅಶೋಕ್ ಪೈ ಅವರಿಂದ. ಮಾನಸ ಆಸ್ಪತ್ರೆಯ ಜೊತೆಗೆ ಕಥೆ, ಅಂಕಣ, ಚಲನಚಿತ್ರಗಳ ಮೂಲಕ ಅವರು ಮನಸ್ಸಿನ ವಿಚಾರವನ್ನು ಮನೆಯ ಮಾತಾಗಿಸಿದರು. ಅವರ ಕಥೆಯಿಂದ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ (1988) ರಾಷ್ಟ್ರಪ್ರಶಸ್ತಿ ಪಡೆಯಿತು. 2005ರ ಹೊತ್ತಿಗೆ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳನ್ನು ಮನೆಮನೆಯಿಂದ ಗುರುತಿಸಿ ಊರಿನಲ್ಲೇ ಚಿಕಿತ್ಸೆ ಕೊಡುವ ಕಾರ್ಯಕ್ರಮ ಕೈಗೊಂಡರು. ವರ್ಷಗಟ್ಟಲೆ ಕಾಯಿಲೆಯಲ್ಲಿದ್ದು ಒಮ್ಮೆಯೂ ಮಾತ್ರೆ ಕಾಣದವರು ಆ ಹುಡುಕಾಟದಲ್ಲಿ ಸಿಕ್ಕರು. ಸ್ಕಿಜೋಫ್ರೀನಿಯಾ ಇದ್ದೂ ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕನ್ನು ನಿಭಾಯಿಸುವ ಶಕ್ತಿ, ಪಡೆಯದವರಿಗಿಂತ ಎದ್ದುಕಾಣುವಷ್ಟು ಉತ್ತಮವಾಗಿತ್ತು. ಅವರಲ್ಲಿ ಹೆಚ್ಚಿನವರು ದುಡಿಯುತ್ತಿದ್ದರು ಎಂಬುದೂ ಅಧ್ಯಯನಗಳಲ್ಲಿ ದಾಖಲಾಯಿತು. ಮಲೆನಾಡಿನ ಬದುಕನ್ನು ಬಲ್ಲವರಿಗೆ ಇದರ ತೂಕ ಗೊತ್ತಾಗುತ್ತದೆ. ಅಡಿಕೆ ಸುಲಿಯುವ ಸಾಲಿನಲ್ಲಿ, ಸೊಪ್ಪು ತರುವ ಗುಂಪಿನಲ್ಲಿ, ಕೊಟ್ಟಿಗೆಯ ಕೆಲಸದಲ್ಲಿ ಮತ್ತೆ ಕೈಜೋಡಿಸಿದವನನ್ನು ನೆರೆಯವರು ಹುಚ್ಚನೆಂದು ಕರೆಯುವುದನ್ನು ತಾವಾಗಿಯೇ ಬಿಡುತ್ತಾರೆ. ಯಾವ ಭಾಷಣವೂ ಕಳಂಕವನ್ನು ಇಷ್ಟು ಬೇಗ ಕರಗಿಸದು.

ಚರ್ಚಿನ ಒಳಗಿನ ಕಳಂಕ ಕರಗಿದ ವೇಗ ನಿಧಾನವಾದದ್ದು. 1917ರ ಕೆಥೊಲಿಕ್ ಕಾನೂನು, ಸ್ವಸ್ಥ ಬುದ್ಧಿಯಿಂದ ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನ ಶವಸಂಸ್ಕಾರವನ್ನು ನಿರಾಕರಿಸಿತ್ತು. ಪ್ರೀತಿಯ ಮಗನನ್ನು ಕಳೆದುಕೊಂಡ ಮನೆಗೆ ಅದರಿಂದ ಆಗುತ್ತಿದ್ದ ಅವಮಾನ ಸಣ್ಣದಲ್ಲ. 1983ರ ಹೊಸ ಕಾನೂನು ಆ ನಿಷೇಧ ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥ, ತೀವ್ರ ಮಾನಸಿಕ ಅಸ್ವಾಸ್ಥ್ಯ ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತದೆ, ಅಂಥವರ ರಕ್ಷಣೆಯ ಆಸೆ ಬಿಡಬಾರದು ಎಂದು ಬೋಧಿಸಿತು. ಪ್ರಾರ್ಥನಾಕೂಟಗಳಲ್ಲಿ ಇನ್ನೊಂದು ಅಪಾಯ ಉಳಿದಿದೆ. ‘ನಂಬಿಕೆಯಿದ್ದರೆ ಮಾತ್ರೆ ಯಾಕೆ’ ಎಂಬ ಮಾತಿಗೆ ಮರುಳಾಗಿ ಔಷಧ ನಿಲ್ಲಿಸಿದವರ ಕಾಯಿಲೆ ಮರುಕಳಿಸುತ್ತದೆ, ಆಗ ನಂಬಿಕೆ ಸಾಲದೆಂಬ ಅಪವಾದವೂ ರೋಗಿಯ ತಲೆಗೇ ಬರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಭಕ್ತನನ್ನು ಯಾರೂ ಅಲ್ಪವಿಶ್ವಾಸಿ ಎನ್ನುವುದಿಲ್ಲ. ಮನೋವೈದ್ಯಕೀಯ ವಾರ್ಡಿನಲ್ಲಿ ದಾದಿಯಾಗಿದ್ದು ಆಮೇಲೆ ದೇವಶಾಸ್ತ್ರಜ್ಞರಾದ ಸ್ಕಾಟ್ಲೆಂಡಿನ ಜಾನ್ ಸ್ವಿಂಟನ್ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ವಾದಿಸುತ್ತ ಬಂದದ್ದು ಇಷ್ಟು: ವೈದ್ಯರು ಔಷಧ ಕೊಡಬಲ್ಲರು, ಸಭೆ ಕೊಡಬೇಕಾದದ್ದು ಗೆಳೆತನ, ರೋಗದ ಹೆಸರಿನ ಹಿಂದೆ ಮನುಷ್ಯ ಮರೆಯಾಗದಂತೆ ನೋಡಿಕೊಳ್ಳುವುದೇ ಸಭೆಯ ಪಾಲಿನ ಕೆಲಸ.

ಸಂಖ್ಯೆಗಳು ಈ ಕೆಲಸದ ಗಾತ್ರವನ್ನು ಹೇಳುತ್ತವೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕರ್ನಾಟಕ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಟಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೀದಿಪಾಲಾದವರಿಗೆ ಕನ್ನಡದ ಗಡಿನಾಡಿನಲ್ಲಿ ಒಂದು ಕ್ರೈಸ್ತ ಆಸರೆಯಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ 2009ರಲ್ಲಿ ಆರಂಭವಾದ ಸ್ನೇಹಾಲಯ, ಊರು-ಹೆಸರು ಮರೆತು ಅಲೆಯುತ್ತಿದ್ದವರನ್ನು ಕರೆತಂದು, ಚಿಕಿತ್ಸೆ ಕೊಡಿಸಿ, ನೆನಪು ಮರಳಿದವರನ್ನು ಅವರವರ ರಾಜ್ಯಗಳ ಮನೆಗಳಿಗೆ ಮುಟ್ಟಿಸುತ್ತದೆ. ಸತ್ತನೆಂದು ತಿಥಿ ಮಾಡಿ ಮುಗಿಸಿದ ಮನೆಗೆ ಮಗ ಮರಳುವುದೂ ಉಂಟು.

ಕಾನೂನು ಬದಲಾದದ್ದು ಒಂದು ದುರಂತದ ಬಳಿಕ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಆಶ್ರಯಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದಿತು. ಅದೇ ವರ್ಷ ಕರ್ನಾಟಕ ರೂಪಿಸಿದ ವಾಮಾಚಾರ ತಡೆ ಕಾಯ್ದೆ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ ಕಟ್ಟಿಹಾಕುವುದನ್ನೂ ಅಪರಾಧವಾಗಿಸಿತು. ದೇವಸ್ಥಾನ, ದರ್ಗಾ, ಚರ್ಚ್ ಎಂಬ ಭೇದ ಅದಕ್ಕಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠರೋಗವೂ ವಾಸಿಯಾಗದ ಬುದ್ಧಿವಿಕಲತೆಯೂ ಮದುವೆ ಮುರಿಯಲು ಒಪ್ಪಿದ ಕಾರಣಗಳಾಗಿದ್ದವು. 2019ರ ತಿದ್ದುಪಡಿ ಕುಷ್ಠರೋಗವನ್ನು ಆ ಪಟ್ಟಿಯಿಂದ ತೆಗೆಯಿತು. ಎರಡು ವರ್ಷ ಎಡೆಬಿಡದೆ ಇದ್ದ ಬುದ್ಧಿವಿಕಲತೆಯ ಕಾರಣವನ್ನು ಆ ತಿದ್ದುಪಡಿ ಮುಟ್ಟಲಿಲ್ಲ.